ವೆನಿಸ್‌ನಲ್ಲಿ ಇಬ್ಬರೇ ನಡೆಯಲು ಮೂರು ದಾರಿಗಳು

ಯುರೋಪ್ ಪ್ರವಾಸ ಮುಗಿಸಿ ಬಂದವರನ್ನು ವೆನಿಸ್ ಹೇಗಿತ್ತು ಎಂದು ಕೇಳಿ ನೋಡಿ. ಹೆಚ್ಚಿನವರು ಮೊದಲು ಹೇಳುವುದು ಜನಜಂಗುಳಿಯ ಸಂಗತಿ, ಆಮೇಲೆ ಬಿಸಿಲು, ಕೊನೆಗೆ ಗೊಂಡೊಲಾಕ್ಕೆ ತೆತ್ತ ದುಡ್ಡು. ಹತ್ತು ದಿನದಲ್ಲಿ ಆರು ದೇಶ ತೋರಿಸುವ ಪ್ಯಾಕೇಜ್‌ಗಳಲ್ಲಿ ಈ ಊರಿನ ಪಾಲಿಗೆ ಬರುವುದು ನಾಲ್ಕೈದು ಗಂಟೆ ಮಾತ್ರ. ಬೆಳಿಗ್ಗೆ ಹತ್ತೂವರೆಗೆ ದೋಣಿ ಇಳಿದು, ಸಾನ್ ಮಾರ್ಕೊ ಚೌಕದಲ್ಲಿ ಫೋಟೊ ತೆಗೆಸಿಕೊಂಡು, ಗಾಜಿನ ಸಾಮಾನಿನ ಅಂಗಡಿಯಲ್ಲಿ ಅರ್ಧ ಗಂಟೆ ಕಳೆದು, ಮೂರು ಗಂಟೆಗೆ ಮತ್ತೆ ದೋಣಿ ಹತ್ತಿದರೆ ವೆನಿಸ್ ಮುಗಿಯಿತು. ಮಧುಚಂದ್ರಕ್ಕೆಂದು ಹೋದ ಹೊಸ ಜೋಡಿಗೂ ಸಿಗುವುದು ಇಷ್ಟೇ, ಮಕ್ಕಳ ಮದುವೆ ಮುಗಿಸಿ ‘ಈಗಲಾದರೂ ಇಬ್ಬರೇ ಹೋಗಿ ಬರೋಣ’ ಎಂದು ಹೊರಟವರಿಗೂ ಸಿಗುವುದು ಇಷ್ಟೇ.

ತಪ್ಪು ಊರಿನದಲ್ಲ. ನೀವು ಅಲ್ಲಿದ್ದ ಹೊತ್ತು ಸರಿಯಿಲ್ಲ, ನಡೆದ ದಾರಿಯೂ ಸರಿಯಿಲ್ಲ. ಇವೆರಡನ್ನು ಬದಲಿಸಿಕೊಂಡರೆ ಅದೇ ಊರಿನಲ್ಲಿ ಕಾಲು ಗಂಟೆ ನಡೆದರೂ ಎದುರಿಗೆ ಒಬ್ಬರೂ ಬಾರದ ಕಾಲುವೆ ದಂಡೆಗಳು ಸಿಗುತ್ತವೆ. ಅದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ. ಒಳ್ಳೆಯ ಚಪ್ಪಲಿ ಬೇಕು, ಬೇಗ ಏಳಬೇಕು, ಅಷ್ಟೆ.

ಜನರೆಲ್ಲ ಒಂದೇ ಕಡೆ ಏಕೆ?

ವೆನಿಸ್ ನೂರಕ್ಕೂ ಹೆಚ್ಚು ಪುಟ್ಟ ದ್ವೀಪಗಳನ್ನು ನಾನೂರಕ್ಕೂ ಹೆಚ್ಚು ಸೇತುವೆಗಳು ಹೊಲಿದಿಟ್ಟ ಊರು. ಆದರೆ ನೆಲದಿಂದ ಅದಕ್ಕಿರುವ ಬಾಗಿಲು ಒಂದೇ. 1846ರಲ್ಲಿ ರೈಲು ಸೇತುವೆ ಬಂತು, 1933ರಲ್ಲಿ ಅದರ ಪಕ್ಕದಲ್ಲೇ ಮೋಟಾರು ರಸ್ತೆ ಬಂತು. ಎರಡೂ ಮುಟ್ಟುವುದು ಊರಿನ ಪಶ್ಚಿಮದ ತುದಿಯನ್ನು. ರೈಲಿನಲ್ಲಿ ಬಂದವರು ಸಾಂತಾ ಲೂಚಿಯಾ ನಿಲ್ದಾಣದಲ್ಲಿ ಇಳಿಯುತ್ತಾರೆ, ಬಸ್ಸಿನವರು ಪಿಯಾತ್ಸಾಲೆ ರೋಮಾದಲ್ಲಿ. ಅಲ್ಲಿಂದ ಮುಂದೆ ಕಾರೂ ಇಲ್ಲ, ಸೈಕಲ್ಲೂ ಇಲ್ಲ. ಎಲ್ಲರೂ ಕಾಲ್ನಡಿಗೆಯಲ್ಲಿ ರಿಯಾಲ್ಟೊ ಸೇತುವೆಗೆ, ಅಲ್ಲಿಂದ ಸಾನ್ ಮಾರ್ಕೊಗೆ. ಗೋಡೆಗಳ ಮೇಲಿನ ಹಳದಿ ಫಲಕಗಳು ಕೂಡ ಬಾಣ ತೋರಿಸಿ ಜನರನ್ನು ಇದೇ ದಾರಿಗೆ ಎಳೆಯುತ್ತವೆ. ನಮ್ಮಲ್ಲಿ ಜಾತ್ರೆಯ ದಿನ ತೇರುಬೀದಿಯಲ್ಲಿ ಕಾಲಿಡಲು ಜಾಗವಿಲ್ಲದಿದ್ದರೂ ಹಿಂದಿನ ಕೇರಿಗಳು ಖಾಲಿ ಹೊಡೆಯುತ್ತವಲ್ಲ, ಇಲ್ಲಿ ವರ್ಷವಿಡೀ ಹಾಗೆ.

ಇನ್ನೊಂದು ಹೊತ್ತಿನ ಲೆಕ್ಕ. ಬರುವವರಲ್ಲಿ ಬಹುಪಾಲು ಹಗಲಿನ ಅತಿಥಿಗಳು. ಸಂಜೆಯ ಹೊತ್ತಿಗೆ ಬಸ್ಸು, ರೈಲು, ಹಡಗು ಹತ್ತಿ ಹೊರಟುಬಿಡುತ್ತಾರೆ. ಊರಿನಲ್ಲಿ ಉಳಿಯುವ ಸ್ಥಳೀಯರೂ ಕಡಿಮೆ: 1951ರಲ್ಲಿ ಹಳೆಯ ವೆನಿಸ್‌ನ ಜನಸಂಖ್ಯೆ ಒಂದೂ ಮುಕ್ಕಾಲು ಲಕ್ಷದಷ್ಟಿತ್ತು, 2022ರಲ್ಲಿ ಅದು 50,000ಕ್ಕಿಂತ ಕೆಳಗಿಳಿಯಿತು. ಊರಿಗೆ ಇದು ದುಃಖದ ಸಂಗತಿ. ನಡೆಯಲು ಹೊರಟ ನಿಮಗೆ ಮಾತ್ರ ಬೆಳಿಗ್ಗೆ ಎಂಟೂವರೆಯೊಳಗೆ ಮತ್ತು ರಾತ್ರಿ ಎಂಟರ ನಂತರ ಸಿಗುವ ನಿಶ್ಶಬ್ದಕ್ಕೆ ಇದೇ ಕಾರಣ.

ಆದ್ದರಿಂದ ಸೂತ್ರ ಸರಳ. ಹಗಲು ಹೊತ್ತಿನಲ್ಲಿ ಊರಿನ ಅಂಚುಗಳಿಗೆ ಹೋಗಿ: ಉತ್ತರದ ಕನ್ನಾರೆಜೊ, ಪೂರ್ವದ ಕಸ್ತೆಲ್ಲೊ, ದಕ್ಷಿಣದ ದೊರ್ಸೊದೂರೊ. ಸಾನ್ ಮಾರ್ಕೊ ಚೌಕವನ್ನು ರಾತ್ರಿ ಹತ್ತರ ಮೇಲೆ ನೋಡಿ.

ದಾರಿ ತಪ್ಪದಿರಲು, ತಪ್ಪಿದರೂ ಹೆದರದಿರಲು

ಓಣಿಗಳು ಇಕ್ಕಟ್ಟು, ಗೋಡೆಗಳು ಎತ್ತರ. ಮೊಬೈಲ್ ನಕ್ಷೆಯ ನೀಲಿ ಚುಕ್ಕೆ ಒಮ್ಮೆ ಈ ಓಣಿಯಲ್ಲಿ, ಇನ್ನೊಮ್ಮೆ ಆಚೆಯ ಕಾಲುವೆಯಲ್ಲಿ ಕುಣಿಯುತ್ತದೆ. ಅದನ್ನು ನಂಬಿ ಹೋದರೆ ಓಣಿಯ ಕೊನೆಯಲ್ಲಿ ಸೇತುವೆಯ ಬದಲು ನೀರೇ ಎದುರಾಗಬಹುದು. ಕೆಳಗಿನ ನಾಲ್ಕು ಮಾತು ನೆನಪಿಟ್ಟುಕೊಳ್ಳಿ.

1. ಗೋಡೆಯ ಮೇಲೆ ಬಿಳಿ ಚೌಕದಲ್ಲಿ ಕಪ್ಪಕ್ಷರದಲ್ಲಿ ಬರೆದಿರುವುದೇ ಬೀದಿಯ ಹೆಸರು. ‘ಕಾಲೆ’ ಅಂದರೆ ಓಣಿ, ‘ಕಾಂಪೊ’ ಅಂದರೆ ಚೌಕ, ‘ಫೊಂಡಮೆಂಟಾ’ ಅಂದರೆ ಕಾಲುವೆಯ ಪಕ್ಕದ ದಂಡೆ, ‘ಸೊಟೊಪೊರ್ಟೆಗೊ’ ಅಂದರೆ ಮನೆಯ ಕೆಳಗೆ ತೂರಿ ಹೋಗುವ ದಾರಿ. ‘ಕೋರ್ತೆ’ ಎಂದಿದ್ದರೆ ಅದು ಅಂಗಳ, ಮುಂದೆ ದಾರಿ ಇರದಿರುವುದೇ ಹೆಚ್ಚು.

2. ಮನೆ ಸಂಖ್ಯೆ ಬೀದಿಗೊಂದರಂತೆ ಶುರುವಾಗುವುದಿಲ್ಲ, ಇಡೀ ಬಡಾವಣೆಗೆ ಒಂದೇ ಸರಣಿ. ಕಸ್ತೆಲ್ಲೊದಲ್ಲಿ ಅದು ಆರು ಸಾವಿರ ದಾಟುತ್ತದೆ. ‘ಕಸ್ತೆಲ್ಲೊ 4200’ ಎಂಬ ವಿಳಾಸ ಹಿಡಿದು ಹೋದರೆ ಊರಿನವರೇ ತಲೆ ಕೆರೆದುಕೊಳ್ಳುತ್ತಾರೆ. ಹೋಟೆಲಿನವರಿಂದ ಓಣಿಯ ಹೆಸರು, ಹತ್ತಿರದ ಚೌಕ, ಹತ್ತಿರದ ದೋಣಿ ನಿಲ್ದಾಣ, ಈ ಮೂರನ್ನೂ ಬರೆಸಿಕೊಳ್ಳಿ.

3. ನೀರಿನ ಬಸ್ಸಿಗೆ ವಪೊರೆಟ್ಟೊ ಎನ್ನುತ್ತಾರೆ. 75 ನಿಮಿಷದ ಒಂದು ಟಿಕೆಟ್‌ಗೆ 9.50 ಯೂರೊ ಇದೆ, ದುಬಾರಿಯೇ. ದಿನಕ್ಕೆ ಮೂರು ಸಲ ಹತ್ತುವುದಾದರೆ 24 ಗಂಟೆಯ ಪಾಸ್ ಕೊಳ್ಳುವುದು ಜಾಣತನ. ಹತ್ತುವ ಮುಂಚೆ ಯಂತ್ರಕ್ಕೆ ಟಿಕೆಟ್ ತೋರಿಸಲೇಬೇಕು, ಇಲ್ಲದಿದ್ದರೆ ದಂಡ.

4. ದಾರಿ ತಪ್ಪಿದರೆ ಹಳದಿ ಫಲಕ ಹುಡುಕಿ. ‘ಫೆರೊವಿಯಾ’ ಎಂದಿದ್ದರೆ ರೈಲು ನಿಲ್ದಾಣದ ದಿಕ್ಕು. ಜನರಿಂದ ದೂರ ಹೋಗಬೇಕೆಂದಾಗ ಇದೇ ಫಲಕಗಳಿಗೆ ಬೆನ್ನು ಮಾಡಿದರಾಯಿತು.

ಮೊದಲ ನಡಿಗೆ: ಕನ್ನಾರೆಜೊ, ಸಂಜೆ

ಒಂದೇ ನಡಿಗೆಗೆ ಸಮಯವಿದ್ದರೆ ಇದನ್ನು ಆರಿಸಿಕೊಳ್ಳಿ. ಸೂರ್ಯಾಸ್ತಕ್ಕೆ ಎರಡು ಗಂಟೆ ಮೊದಲು ಹೊರಡಬೇಕು. ಜೂನ್‌ನಲ್ಲಿ ಸೂರ್ಯ ಮುಳುಗುವುದು ಒಂಬತ್ತರ ಹೊತ್ತಿಗೆ, ಡಿಸೆಂಬರ್‌ನಲ್ಲಿ ನಾಲ್ಕೂವರೆಗೇ ಕತ್ತಲೆ. ನಮ್ಮೂರಿನ ಆರೂವರೆಯ ಸಂಜೆಯ ಲೆಕ್ಕ ಅಲ್ಲಿ ನಡೆಯದು.

ರೈಲು ನಿಲ್ದಾಣದಿಂದ ಹೊರಬಂದು ಎಡಕ್ಕೆ ತಿರುಗಿ. ಮೊದಲ ಹತ್ತು ನಿಮಿಷ ಮುಖವಾಡ, ಮ್ಯಾಗ್ನೆಟ್, ಪಿಜ್ಜಾ ತುಂಡು ಮಾರುವ ಗದ್ದಲದ ಬೀದಿ. ನಿಲ್ಲಬೇಡಿ. ನಾಲ್ಕು ಮೂಲೆಗೂ ಮೊನಚು ಕಲ್ಲುಕಂಬಗಳಿರುವ ಗೂಲ್ಯೆ ಸೇತುವೆ ದಾಟಿದ ಕೂಡಲೇ ಎಡಕ್ಕೆ, ಕಾಲುವೆ ದಂಡೆಗೆ ಹೊರಳಿ. ತುಸು ದೂರದಲ್ಲಿ ಬಲಕ್ಕೆ ತಲೆ ತಗ್ಗಿಸಿ ನುಗ್ಗುವಂಥ ಒಂದು ಸೊಟೊಪೊರ್ಟೆಗೊ ಇದೆ. ಅದೇ ಗೆಟ್ಟೊದ ಬಾಗಿಲು.

1516ರಲ್ಲಿ ವೆನಿಸ್ ಸರ್ಕಾರ ಯಹೂದಿಗಳೆಲ್ಲ ಈ ಪುಟ್ಟ ದ್ವೀಪದಲ್ಲೇ ಇರಬೇಕೆಂದು ಆಜ್ಞೆ ಹೊರಡಿಸಿತು. ರಾತ್ರಿ ಬಾಗಿಲು ಹಾಕಿ ಕಾವಲು ನಿಲ್ಲಿಸುತ್ತಿದ್ದರು. ಜನ ಹೆಚ್ಚಿದರೂ ನೆಲ ಹೆಚ್ಚಲಿಲ್ಲ, ಹಾಗಾಗಿ ಮನೆಗಳು ಮೇಲಕ್ಕೆ ಬೆಳೆದವು. ಉಳಿದ ವೆನಿಸ್‌ನಲ್ಲಿ ಕಾಣದ ಏಳೆಂಟು ಅಂತಸ್ತಿನ, ತಗ್ಗು ಮಾಡಿನ ಮನೆಗಳು ಇಲ್ಲಿರುವುದು ಆ ಕಾರಣಕ್ಕೆ. ಬಾಗಿಲುಗಳನ್ನು ಕಿತ್ತೊಗೆದದ್ದು 1797ರಲ್ಲಿ, ನೆಪೋಲಿಯನ್‌ನ ಸೈನ್ಯ ಬಂದಾಗ. ಪ್ರಣಯದ ನಡಿಗೆಯಲ್ಲಿ ಇದೇಕೆ ಎಂದು ನೀವು ಕೇಳಬಹುದು. ಚೌಕದ ಮರದಡಿಯ ಬೆಂಚಿನಲ್ಲಿ ಹತ್ತು ನಿಮಿಷ ಸುಮ್ಮನೆ ಕೂತು ಮುಂದೆ ಹೋಗುವವರಿಗೆ ಈ ಊರು ಬರಿಯ ಅಲಂಕಾರದ ಪೆಟ್ಟಿಗೆಯಾಗಿ ಕಾಣುವುದಿಲ್ಲ.

ಚೌಕದ ಉತ್ತರದ ಸೇತುವೆ ದಾಟಿದರೆ ನೋಟವೇ ಬದಲಾಗುತ್ತದೆ. ಇಲ್ಲಿಂದ ಮುಂದೆ ಒಂದರ ಹಿಂದೊಂದು ಮೂರು ಕಾಲುವೆಗಳು, ಗೆರೆ ಎಳೆದಂತೆ ನೇರ. ಡೊಂಕು ಓಣಿಗಳ ಊರಿನಲ್ಲಿ ಇಷ್ಟು ಉದ್ದಕ್ಕೂ ಬಯಲಾಗಿ ಕಾಣುವ ಜಾಗ ಅಪರೂಪ. ಪಶ್ಚಿಮದ ಕಡೆ ತೆರೆದುಕೊಂಡಿರುವುದರಿಂದ ಸಂಜೆಯ ಬೆಳಕು ನೀರಿನುದ್ದಕ್ಕೂ ಜಾರಿ ಬರುತ್ತದೆ. ದಂಡೆಯಲ್ಲಿ ಸಾಲು ದೋಣಿಗಳು, ಮೇಲೆ ಹಗ್ಗದಲ್ಲಿ ಒಣಗುವ ಬಟ್ಟೆ. ಮೊದಲ ಕಾಲುವೆ ಬಿಟ್ಟು ಎರಡನೆಯದರ ದಂಡೆ, ಫೊಂಡಮೆಂಟಾ ದೆಲ್ಲಾ ಸೆನ್ಸಾ ಹಿಡಿದು ಪೂರ್ವಕ್ಕೆ ನಡೆಯಿರಿ.

ಕಾಂಪೊ ದೇಯಿ ಮೋರಿ ಬಂದಾಗ ಗೋಡೆಗಳನ್ನು ಗಮನಿಸಿ. ಕಲ್ಲಿನ ವ್ಯಾಪಾರಿಗಳು ನಿಂತಿದ್ದಾರೆ, ಕೆಲವರ ತಲೆಗೆ ದೊಡ್ಡ ರುಮಾಲು. ಗ್ರಾಹಕರಿಗೆ ಮೋಸ ಮಾಡಿದ್ದಕ್ಕೆ ಕಲ್ಲಾದರು ಎಂಬುದು ಊರಿನ ಕಥೆ. ಅವರಲ್ಲೊಬ್ಬ ‘ಸಿಯೊರ್ ರಿಯೊಬಾ’. ಅವನ ಮೂಗು ಕಬ್ಬಿಣದ್ದು, ಸವರಿದರೆ ಅದೃಷ್ಟ ಎನ್ನುತ್ತಾರೆ. ಪಕ್ಕದ ದಂಡೆಯಲ್ಲಿ ಚಿತ್ರಕಾರ ಟಿಂಟೊರೆಟ್ಟೊ ತೀರಿಕೊಂಡ ಮನೆ ಇದೆ. 1594ರಲ್ಲಿ ಅವನನ್ನು ಸಮಾಧಿ ಮಾಡಿದ್ದು ಇಲ್ಲಿಂದ ಒಂದು ಸೇತುವೆ ಆಚೆಗಿರುವ ಮಡೊನ್ನಾ ದೆಲ್ಲೋರ್ತೊ ಚರ್ಚಿನಲ್ಲಿ. ಅದರ ಒಳಗೆ ಅವನ ಎರಡು ಬೃಹತ್ ಚಿತ್ರಗಳು ಎತ್ತರದ ಗೋಡೆ ತುಂಬ ಹರಡಿಕೊಂಡಿವೆ. ಚರ್ಚು ಸಂಜೆ ಬೇಗ ಮುಚ್ಚುತ್ತದೆ, ಬೇಸಿಗೆಯಾದರೆ ಮೊದಲು ಇಲ್ಲಿಗೆ ಬಂದು ಬೆಳಕಿಗಾಗಿ ಆಮೇಲೆ ಕಾಲುವೆಗೆ ಮರಳಿ. ಹೊರಗೆ ದಂಡೆಯ ಮೇಲೆ ನಿಂತು ಎದುರು ದಡದ ಗೋಡೆ ನೋಡಿದರೆ ಹೊರೆ ಹೊತ್ತ ಒಂಟೆಯ ಉಬ್ಬುಶಿಲ್ಪ ಕಾಣುತ್ತದೆ. ಪೂರ್ವದ ಸರಕು ಮಾರಿ ದುಡ್ಡು ಮಾಡಿದ ಕುಟುಂಬದ ಮನೆ ಅದು.

ಇದೇ ದಂಡೆಯಲ್ಲಿ ಪೂರ್ವಕ್ಕೆ ಹೋದರೆ ದಾರಿ ನೀರಿನಲ್ಲಿ ಮುಗಿಯುತ್ತದೆ. ತಪ್ಪಿದಿರಿ ಎಂದುಕೊಳ್ಳಬೇಡಿ, ಬರಬೇಕಾದದ್ದು ಇಲ್ಲಿಗೇ. ಸಾಕ್ಕಾ ದೆಲ್ಲಾ ಮಿಸೆರಿಕೊರ್ದಿಯಾ ಎಂಬ ಚೌಕಾಕಾರದ ಪುಟ್ಟ ಕೊಲ್ಲಿ, ಅದರಾಚೆ ಬಯಲಾದ ಹಿನ್ನೀರು, ಸಾನ್ ಮಿಕೇಲೆ ದ್ವೀಪದ ಸೈಪ್ರೆಸ್ ಮರಗಳು. ಚಳಿಗಾಲದ ತಿಳಿ ಸಂಜೆಗಳಲ್ಲಿ ಬಲು ದೂರದ ಆಲ್ಪ್ಸ್ ಸಾಲಿನ ಹಿಮವೂ ಕಾಣುತ್ತದೆ. ಕೂರಲು ಕುರ್ಚಿಯಿಲ್ಲ, ಕೊಳ್ಳಲು ಏನೂ ಇಲ್ಲ. ವೆನಿಸ್‌ನಲ್ಲಿ ಕೈ ಹಿಡಿದು ನಿಲ್ಲಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಸಾನ್ ಮಿಕೇಲೆ ಈಗ ಊರಿನ ಸ್ಮಶಾನ. ನೆಪೋಲಿಯನ್‌ನ ಕಾಲಕ್ಕೆ ಮುಂಚೆ ಅಲ್ಲಿದ್ದದ್ದು ಸನ್ಯಾಸಿಗಳ ಮಠ. 15ನೇ ಶತಮಾನದ ನಡುವಿನಲ್ಲಿ ಫ್ರಾ ಮೌರೊ ಎಂಬ ಸನ್ಯಾಸಿ ಆ ಮಠದಲ್ಲಿ ಕೂತು ಪ್ರಪಂಚದ ಭಾರಿ ನಕ್ಷೆಯೊಂದನ್ನು ಬರೆದ. ಪೂರ್ವದೇಶಗಳ ವಿವರಗಳಿಗೆ ಅವನು ನೆಚ್ಚಿಕೊಂಡ ಪ್ರವಾಸಿಗಳಲ್ಲಿ ಒಬ್ಬ, ಇದೇ ಹಿನ್ನೀರಿನ ದಕ್ಷಿಣ ತುದಿಯ ಕಿಯೊಜ್ಜಾದವನಾದ ನಿಕೊಲೊ ಕೊಂಟಿ. ಹೌದು, ಶಾಲೆಯ ಇತಿಹಾಸದಲ್ಲಿ ನಾವು ಓದಿದ, 1420ರ ಸುಮಾರಿಗೆ ವಿಜಯನಗರಕ್ಕೆ ಬಂದ ಅದೇ ಕೊಂಟಿ. ಸುಮಾರು ಇಪ್ಪತ್ತೈದು ವರ್ಷ ಅಲೆದು ಊರಿಗೆ ಮರಳಿದ ಅವನ ಕಥೆಯನ್ನು ಪೋಪ್‌ನ ಕಾರ್ಯದರ್ಶಿಯಾಗಿದ್ದ ಪೊಜ್ಜೊ ಬ್ರಾಚೊಲಿನಿ ಬರೆದಿಟ್ಟ. ಹಂಪಿಯ ಸುದ್ದಿ ಯುರೋಪಿಗೆ ಹೋದ ಹಳೆಯ ದಾರಿಗಳಲ್ಲಿ ಒಂದು ಇದು. ನಕ್ಷೆ ಈಗ ಸಾನ್ ಮಾರ್ಕೊ ಚೌಕದ ಮಾರ್ಚಿಯಾನಾ ಗ್ರಂಥಾಲಯದ ಸಂಗ್ರಹದಲ್ಲಿದೆ.

ಕತ್ತಲಾದ ಮೇಲೆ ಸ್ವಲ್ಪ ಹಿಂದಿರುಗಿ ದಕ್ಷಿಣಕ್ಕೆ, ಫೊಂಡಮೆಂಟಾ ದೆಲ್ಲಾ ಮಿಸೆರಿಕೊರ್ದಿಯಾಕ್ಕೆ ಬನ್ನಿ. ಊಟದ ಅಂಗಡಿಗಳ ಸಾಲು ಇಲ್ಲಿದೆ. ಹತ್ತಿರದಲ್ಲೇ ಕಿಯೊದೊ ಎಂಬ ಪುಟ್ಟ ಸೇತುವೆಗೆ ಎರಡೂ ಬದಿ ಕೈಪಿಡಿಗೋಡೆ ಇಲ್ಲ. ಹಳೆಯ ಕಾಲದಲ್ಲಿ ಸೇತುವೆಗಳು ಹೀಗೇ ಇರುತ್ತಿದ್ದವು. ಫೋಟೊ ತೆಗೆಯುವಾಗ ಹಿಂದೆ ಹಿಂದೆ ಹೆಜ್ಜೆ ಇಡುವ ಅಭ್ಯಾಸದವರು ಇಲ್ಲಿ ಎಚ್ಚರ.

ಎರಡನೆಯ ನಡಿಗೆ: ಕಸ್ತೆಲ್ಲೊ, ಮುಂಜಾನೆ

ಬೆಳಿಗ್ಗೆ ಆರೂವರೆ ಏಳಕ್ಕೆ ಸಾನ್ ಜಕಾರಿಯಾ ದೋಣಿ ನಿಲ್ದಾಣದಿಂದ ಶುರುಮಾಡಿ. ಹಿನ್ನೀರಿನ ಕಡೆಯಿಂದ ಸೂರ್ಯ ಏಳುವ ಈ ಹೊತ್ತಿನಲ್ಲಿ ಹಗಲಿನಲ್ಲಿ ಭುಜಕ್ಕೆ ಭುಜ ತಾಗುವ ಇದೇ ದಂಡೆಯಲ್ಲಿ ಕಸ ಗುಡಿಸುವವರು, ನಾಯಿ ಹಿಡಿದವರು ಬಿಟ್ಟರೆ ಯಾರೂ ಇರುವುದಿಲ್ಲ.

ದಂಡೆಯಿಂದ ಒಳಗೆ ಕಾಂಪೊ ಬಂದಿಯೆರಾ ಎ ಮೋರೊ ಚೌಕಕ್ಕೆ ಬನ್ನಿ. ಅಲ್ಲಿನ ಸರಳವಾದ ಇಟ್ಟಿಗೆ ಚರ್ಚಿನಲ್ಲಿ ಸಂಗೀತಗಾರ ವಿವಾಲ್ಡಿಗೆ 1678ರಲ್ಲಿ ನಾಮಕರಣವಾಯಿತು. ಚೌಕದ ಪಕ್ಕದಲ್ಲೇ ಸೊಟೊಪೊರ್ಟೆಗೊ ದೇಯಿ ಪ್ರೇತಿ ಇದೆ. ಅದರೊಳಗೆ ಹೋಗಿ ಕಮಾನಿನ ಮೇಲ್ಗಡೆ ಹುಡುಕಿದರೆ ಹೃದಯದ ಆಕಾರದ ಒಂದು ಕೆಂಪು ಇಟ್ಟಿಗೆ ಕಾಣುತ್ತದೆ. ಓರಿಯೊ ಎಂಬ ಬೆಸ್ತನ ಬಲೆಗೆ ಮೆಲುಸಿನಾ ಎಂಬ ಮತ್ಸ್ಯಕನ್ಯೆ ಸಿಕ್ಕಿ, ಅವರಿಬ್ಬರೂ ಮದುವೆಯಾಗಿ, ಕೊನೆಗೆ ಅವನು ಅವಳನ್ನು ಕಳೆದುಕೊಂಡ ಕಥೆ ಈ ಇಟ್ಟಿಗೆಯದ್ದು. ಇಬ್ಬರೂ ಒಟ್ಟಿಗೆ ಮುಟ್ಟಿದರೆ ಪ್ರೀತಿ ಗಟ್ಟಿಯಾಗುತ್ತದಂತೆ. ನಂಬಿಕೆ ನಿಮಗೆ ಬಿಟ್ಟದ್ದು, ಮುಟ್ಟಲು ದುಡ್ಡಂತೂ ಕೊಡಬೇಕಿಲ್ಲ.

ಪೂರ್ವಕ್ಕೆ ಹತ್ತು ನಿಮಿಷ ನಡೆದರೆ ಆರ್ಸೆನಾಲೆ, ಶತಮಾನಗಳ ಕಾಲ ವೆನಿಸ್‌ನ ಹಡಗುಗಳು ಇಳಿದ ಕಟ್ಟೆ. ಒಳಗೆ ಎಲ್ಲ ಕಡೆ ಪ್ರವೇಶವಿಲ್ಲ, 1460ರ ಹೆಬ್ಬಾಗಿಲು ನೋಡಿದರೆ ಸಾಕು. ಅದರ ಮುಂದಿನ ಕಲ್ಲಿನ ಸಿಂಹಗಳಲ್ಲಿ ದೊಡ್ಡದನ್ನು 1687ರ ದಂಡಯಾತ್ರೆಯಲ್ಲಿ ಅಥೆನ್ಸ್‌ನ ಬಂದರಿನಿಂದ ಹೊತ್ತು ತಂದರು. ಅದರ ಭುಜದ ಮೇಲೆ ವೈಕಿಂಗ್ ಯೋಧರು ಕೆತ್ತಿದ ರೂನ್ ಅಕ್ಷರಗಳು ಸವೆದು ನಿಂತಿವೆ. ಗ್ರೀಸಿನ ಸಿಂಹದ ಮೇಲೆ ಉತ್ತರದ ಲಿಪಿ, ಇಟಲಿಯ ಬಾಗಿಲಲ್ಲಿ. ಪ್ರವೇಶದರವಿಲ್ಲದ ವಸ್ತುಸಂಗ್ರಹಾಲಯ ಎಂದರೆ ಇದೇ.

ಅಲ್ಲಿಂದ ವಿಯಾ ಗರಿಬಾಲ್ದಿ. ನೆಪೋಲಿಯನ್ ಕಾಲದಲ್ಲಿ ಕಾಲುವೆ ತುಂಬಿಸಿ ಮಾಡಿದ್ದರಿಂದ ಇಷ್ಟು ಅಗಲ. ಬೀದಿಯ ಕೊನೆಯಲ್ಲಿ ಕಾಲುವೆ ಮತ್ತೆ ಶುರುವಾಗುವಲ್ಲಿ ತರಕಾರಿ ಮಾರುವ ದೋಣಿ ಕಟ್ಟಿರುತ್ತದೆ. ಕಾಫಿ ಇಲ್ಲೇ ಕುಡಿಯಿರಿ. ಆಮೇಲೆ ಸೇತುವೆ ದಾಟಿ ಸಾನ್ ಪಿಯೆತ್ರೊ ದ್ವೀಪಕ್ಕೆ. 1807ರವರೆಗೆ ವೆನಿಸ್‌ನ ಪ್ರಧಾನ ಚರ್ಚು ಸಾನ್ ಮಾರ್ಕೊ ಅಲ್ಲ, ಈ ಸಾನ್ ಪಿಯೆತ್ರೊ. ಮುಂದೆ ಹುಲ್ಲು, ಮರ, ಒಂದು ಬದಿಗೆ ಕಣ್ಣಿಗೆ ಕಾಣುವಷ್ಟು ವಾಲಿದ ಬಿಳಿ ಕಲ್ಲಿನ ಗಂಟೆಗೋಪುರ. ಹತ್ತನೇ ಶತಮಾನದಲ್ಲಿ ಇಲ್ಲಿ ಸಾಮೂಹಿಕ ಮದುವೆಗೆ ನೆರೆದಿದ್ದ ವಧುಗಳನ್ನು ಕಡಲುಗಳ್ಳರು ಹೊತ್ತೊಯ್ದರೆಂದೂ ವೆನಿಸ್‌ನವರು ಬೆನ್ನಟ್ಟಿ ಬಿಡಿಸಿ ತಂದರೆಂದೂ ಐತಿಹ್ಯವಿದೆ. ಕಾರ್ನಿವಲ್ ಸಮಯದ ‘ಮರಿಯರ ಹಬ್ಬ’ ಇದರ ನೆನಪಿನಲ್ಲೇ ನಡೆಯುತ್ತದೆ. ಕಾಲು ಸೋತಿದ್ದರೆ ಜಾರ್ದೀನಿ ನಿಲ್ದಾಣದಿಂದ ಒಂದನೇ ನಂಬರ್ ವಪೊರೆಟ್ಟೊ ಹಿಡಿದು ಮರಳಿ.

ಮೂರನೆಯದು: ಜತ್ತೆರೆ ದಂಡೆ

ಇದಕ್ಕೆ ಹೆಚ್ಚು ವಿವರಣೆ ಬೇಕಿಲ್ಲ. ಅಕಾದೆಮಿಯಾ ಸೇತುವೆಯಿಂದ ದಕ್ಷಿಣಕ್ಕೆ ಐದು ನಿಮಿಷ ನಡೆದರೆ ಅಗಲವಾದ ಜೂದೆಕ್ಕಾ ಕಾಲುವೆಯ ದಂಡೆ. ಸೇತುವೆಗಳ ಹತ್ತಿಳಿತ ಕಡಿಮೆ ಇರುವುದರಿಂದ ಮಂಡಿ ನೋವಿನವರಿಗೆ ಮೂರರಲ್ಲಿ ಇದೇ ಸಲೀಸು. ದಕ್ಷಿಣಕ್ಕೆ ಮುಖವಿರುವ ಕಾರಣ ಚಳಿಗಾಲದಲ್ಲೂ ಎಳೆಬಿಸಿಲು ಬೀಳುತ್ತದೆ. ಐಸ್‌ಕ್ರೀಮ್ ಹಿಡಿದು ಪಶ್ಚಿಮದ ತುದಿಯವರೆಗೆ ಹೋಗಿ ಸೂರ್ಯಾಸ್ತ ನೋಡಿ.

ನಡುವೆ ಸಾನ್ ತ್ರೊವಾಸೊ ಕಾಲುವೆಯ ಈಚೆ ದಡದಲ್ಲಿ ನಿಂತರೆ ಎದುರಿಗೆ ಗೊಂಡೊಲಾ ದುರಸ್ತಿಯ ಕಟ್ಟೆ. ಮರದ ಮಾಳಿಗೆ ಮನೆ ಬೆಟ್ಟದ ನಾಡಿನದರಂತಿದೆ, ಏಕೆಂದರೆ ಮರವೂ ಬಡಗಿಗಳೂ ಆಲ್ಪ್ಸ್ ತಪ್ಪಲಿನಿಂದ ಬಂದವರು. ಕವುಚಿ ಹಾಕಿದ ಗೊಂಡೊಲಾ ಕಂಡರೆ ಅದರ ತಳ ನೋಡಿ. ಸುಮಾರು 11 ಮೀಟರ್ ಉದ್ದದ ಈ ದೋಣಿಗೆ ಎಂಟು ಬಗೆಯ ಮರದ 280 ತುಂಡುಗಳು ಬೇಕು. ಎಡಬದಿ ಬಲಕ್ಕಿಂತ 24 ಸೆಂಟಿಮೀಟರ್ ಅಗಲ. ಅಂಬಿಗ ಒಂದೇ ಹುಟ್ಟನ್ನು ಬಲಗಡೆ ಹಾಕುವುದರಿಂದ ಸಮನಾಗಿದ್ದರೆ ದೋಣಿ ಸುತ್ತುತ್ತಲೇ ಇರುತ್ತಿತ್ತು, ಈ ಸೊಟ್ಟ ಮೈಯೇ ಅದನ್ನು ನೇರ ಓಡಿಸುತ್ತದೆ.

ಇನ್ನೂ ಹೊತ್ತಿದ್ದರೆ ವಪೊರೆಟ್ಟೊ ಹಿಡಿದು ಎದುರಿನ ಸಾನ್ ಜಾರ್ಜೊ ಮಜ್ಜೋರೆ ದ್ವೀಪಕ್ಕೆ ಹೋಗಿ ಗಂಟೆಗೋಪುರ ಹತ್ತಿ. ಲಿಫ್ಟ್ ಇದೆ. ಸಾನ್ ಮಾರ್ಕೊದ ಗೋಪುರಕ್ಕೆ ಸಾಲು ನಿಲ್ಲುವವರಿಗೆ ಅದರ ಮೇಲಿನಿಂದ ಸಾನ್ ಮಾರ್ಕೊ ಗೋಪುರವೇ ಕಾಣುವುದಿಲ್ಲ, ಇಲ್ಲಿಂದ ಅದೂ ಕಾಣುತ್ತದೆ.

ದಾರಿಬದಿಯ ಸಣ್ಣ ನಿಲ್ದಾಣಗಳು

ರಿಯಾಲ್ಟೊಗೆ ಹತ್ತಿರದಲ್ಲೇ ಇದ್ದೂ ಜನ ಬಿಟ್ಟುಹೋಗುವ ಜಾಗಗಳಿವೆ. ಸಾಂತಾ ಮರಿಯಾ ದೇಯಿ ಮಿರಾಕೊಲಿ, 1480ರ ದಶಕದ ಬಣ್ಣದ ಅಮೃತಶಿಲೆಯ ಚರ್ಚು, ವೆನಿಸ್‌ನವರು ಮದುವೆಯಾಗಲು ಇಷ್ಟಪಡುವ ಜಾಗ. ಮಾರ್ಕೊ ಪೋಲೊನ ಕುಟುಂಬದ ಮನೆಗಳಿದ್ದ ಕೋರ್ತೆ ದೆಲ್ ಮಿಲಿಯೋನ್ ಅಂಗಳ. ಸ್ಕಾಲಾ ಕೊಂತಾರಿನಿ ದೆಲ್ ಬೊವೊಲೊ ಎಂಬ ಬಸವನಹುಳುವಿನ ಚಿಪ್ಪಿನಂಥ ಹೊರಮೆಟ್ಟಿಲು. ಇನ್ನು ಕಾಲೆ ವರಿಸ್ಕೊ, ಅತಿ ಇಕ್ಕಟ್ಟಾದಲ್ಲಿ 53 ಸೆಂಟಿಮೀಟರ್. ಅಲ್ಲಿ ಇಬ್ಬರು ಜೊತೆಯಾಗಿ ನಡೆಯಲಾಗದು, ಒಬ್ಬರ ಹಿಂದೊಬ್ಬರು.

ಗೊಂಡೊಲಾ ಬೇಕೇ?

ಹಗಲಿನ ಅಧಿಕೃತ ದರ 2023ರ ಕೊನೆಯಿಂದ ಅರ್ಧ ಗಂಟೆಗೆ 90 ಯೂರೊ. ಅದು ದೋಣಿಗೆ, ತಲೆಗೆ ಅಲ್ಲ. ಐದು ಜನರವರೆಗೆ ಕೂರಬಹುದು. ರಾತ್ರಿ ಏಳರ ಮೇಲೆ ದರ ಹೆಚ್ಚು, ಹಾಡು ಬೇಕೆಂದರೆ ಬೇರೆ ಲೆಕ್ಕ. ಹತ್ತುವುದೇ ಆದರೆ ಸಾನ್ ಮಾರ್ಕೊ, ರಿಯಾಲ್ಟೊ ಬಿಟ್ಟು ಒಳಗಿನ ಕಾಲುವೆಯಲ್ಲಿ ನಿಂತಿರುವ ಅಂಬಿಗನನ್ನು ಹುಡುಕಿ. ಎಷ್ಟು ನಿಮಿಷ, ಯಾವ ದಾರಿ, ಎಷ್ಟು ದುಡ್ಡು ಎಂದು ಹತ್ತುವ ಮುಂಚೆಯೇ ಮಾತಾಡಿ. ದೊಡ್ಡ ದೋಣಿಗಳ ಸಾಲಿನಲ್ಲಿ ಹನ್ನೆರಡು ಗಂಟೆಯ ಬಿಸಿಲಲ್ಲಿ ಕೂರುವುದಾದರೆ ಆ ದುಡ್ಡು ದಂಡವೆಂದೇ ನನ್ನ ಅಭಿಪ್ರಾಯ.

ಆಸೆ ತೀರಿಸಿಕೊಳ್ಳಲು ಅಗ್ಗದ ದಾರಿ ‘ತ್ರಗೆಟ್ಟೊ’. ದೊಡ್ಡ ಕಾಲುವೆಯ ಈ ದಡದಿಂದ ಆ ದಡಕ್ಕೆ ಸ್ಥಳೀಯರನ್ನು ದಾಟಿಸುವ ಗೊಂಡೊಲಾ, ಇಬ್ಬರು ಅಂಬಿಗರು, ಎರಡು ಯೂರೊ ಆಸುಪಾಸು. ಸಾಂತಾ ಸೋಫಿಯಾದಿಂದ ರಿಯಾಲ್ಟೊ ಮಾರುಕಟ್ಟೆಗೆ ಹಗಲಲ್ಲಿ ಓಡಾಡುತ್ತದೆ. ಎರಡು ಮೂರು ನಿಮಿಷದ ಸವಾರಿ. ರಾತ್ರಿ ಬೇಕೆಂದರೆ ಒಂದನೇ ನಂಬರ್ ವಪೊರೆಟ್ಟೊದಲ್ಲಿ ಹೊರಗಿನ ಸೀಟು ಹಿಡಿದು ಪಿಯಾತ್ಸಾಲೆ ರೋಮಾದಿಂದ ಸಾನ್ ಮಾರ್ಕೊವರೆಗೆ ಬನ್ನಿ. ಅರಮನೆಗಳ ಕಿಟಕಿಗಳಲ್ಲಿ ದೀಪ ಹತ್ತಿ, ಒಳಗಿನ ಚಿತ್ರ ಬರೆದ ಮಾಡುಗಳು ಕಾಣುವುದು ರಾತ್ರಿ ಮಾತ್ರ.

ಸಸ್ಯಾಹಾರಿಗಳಿಗೆ

ಬಾರ್‌ಗಳಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಜೋಡಿಸಿಟ್ಟ ಸಣ್ಣ ತಿಂಡಿಗಳಿಗೆ ‘ಚಿಕೆಟ್ಟಿ’ ಎನ್ನುತ್ತಾರೆ. ಬ್ರೆಡ್ಡಿನ ಮೇಲಿನ ಬೆಳ್ಳಗಿನ ಮುದ್ದೆ ಚೀಸ್ ಎಂದುಕೊಂಡು ಬಾಯಿಗಿಡಬೇಡಿ, ಅದು ಬಕಲಾ, ಒಣಮೀನು. ಬಟಾಣಿ ಅನ್ನದಂತೆ ಕಾಣುವ ‘ರಿಸಿ ಎ ಬಿಸಿ’ಯಲ್ಲಿ ಹಂದಿಮಾಂಸದ ಚೂರು ಇರುವುದುಂಟು, ಮಾಂಸದ ರಸದಲ್ಲಿ ಬೇಯಿಸುವುದೂ ಉಂಟು. ‘ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶೆ’ ಎಂದರೆ ಮಾಂಸ ಬೇಡ, ಮೀನು ಬೇಡ. ‘ಸೆಂತ್ಸಾ ಬ್ರೋದೊ ದಿ ಕಾರ್ನೆ’ ಎಂದೂ ಸೇರಿಸಿದರೆ ಮಾಂಸದ ರಸವೂ ಬೇಡ ಎಂದಾಯಿತು. ಬಿಲ್ಲಿನಲ್ಲಿ ‘ಕೊಪೆರ್ತೊ’ ಎಂದು ತಲೆಗಿಷ್ಟು ಸೇರಿಸಿರುತ್ತಾರೆ. ಅದು ಕುಳಿತು ತಿಂದದ್ದಕ್ಕೆ, ಮೋಸವಲ್ಲ. ಕಾಫಿಯನ್ನು ಕೌಂಟರಿನಲ್ಲಿ ನಿಂತು ಕುಡಿದರೆ ಅಗ್ಗ, ಮೇಜಿಗೆ ತರಿಸಿಕೊಂಡರೆ ದುಪ್ಪಟ್ಟೂ ಆಗಬಹುದು. ಚೌಕಗಳಲ್ಲಿರುವ ಕಬ್ಬಿಣದ ನಲ್ಲಿಗಳ ನೀರು ಕುಡಿಯಲು ಯೋಗ್ಯ, ಬಾಟಲಿ ತುಂಬಿಸಿಕೊಳ್ಳಿ.

ಎಚ್ಚರಿಕೆಗಳು

1. ಪ್ರವೇಶ ಶುಲ್ಕ: 2024ರಿಂದ ವಸಂತ ಮತ್ತು ಬೇಸಿಗೆಯ ಆಯ್ದ ದಿನಗಳಲ್ಲಿ ಹಗಲು ಬಂದುಹೋಗುವವರು ಬೆಳಿಗ್ಗೆ 8.30ರಿಂದ ಸಂಜೆ 4ರವರೆಗೆ ಊರಿನಲ್ಲಿರಲು ಶುಲ್ಕ ಕಟ್ಟಬೇಕು. ಶುರುವಿನಲ್ಲಿ 5 ಯೂರೊ ಇತ್ತು, 2025ರಲ್ಲಿ ಕೊನೆ ಗಳಿಗೆಯಲ್ಲಿ ಕಟ್ಟುವವರಿಗೆ 10 ಆಯಿತು. ವೆನಿಸ್ ನಗರಸಭೆಯ ವ್ಯಾಪ್ತಿಯಲ್ಲಿ, ದಡದ ಪಟ್ಟಣ ಮೆಸ್ತ್ರೆಯೂ ಸೇರಿ, ರಾತ್ರಿ ತಂಗುವವರಿಗೆ ವಿನಾಯಿತಿ ಇದೆ. ಆದರೆ ಅದನ್ನೂ ಆನ್‌ಲೈನ್‌ನಲ್ಲಿ ನೋಂದಾಯಿಸಿ ಕೋಡ್ ಇಟ್ಟುಕೊಳ್ಳಬೇಕು.

2. ನೆರೆನೀರು: ಅಕ್ಟೋಬರ್‌ನಿಂದ ಜನವರಿಯವರೆಗೆ ಸಮುದ್ರ ಉಕ್ಕುವ ದಿನಗಳಿವೆ. 2019ರ ನವೆಂಬರ್ 12ರಂದು ನೀರು 187 ಸೆಂಟಿಮೀಟರ್ ಮುಟ್ಟಿತ್ತು. 2020ರ ಅಕ್ಟೋಬರ್ 3ರಿಂದ ಮೋಸೆ ಎಂಬ ಏಳುವ ತಡೆಗೋಡೆಗಳು ಕೆಲಸ ಮಾಡುತ್ತಿವೆ, ದೊಡ್ಡ ನೆರೆ ಈಗ ಒಳಬರುವುದಿಲ್ಲ. ಆದರೂ ಎಲ್ಲಕ್ಕಿಂತ ತಗ್ಗಿನಲ್ಲಿರುವ ಸಾನ್ ಮಾರ್ಕೊ ಸಣ್ಣ ಉಬ್ಬರಕ್ಕೂ ಒದ್ದೆಯಾಗುತ್ತದೆ.

3. ದಂಡ ಬೀಳುವ ಕೆಲಸಗಳು: ಪಾರಿವಾಳಕ್ಕೆ ಕಾಳು ಹಾಕುವುದು, ಸಾನ್ ಮಾರ್ಕೊದ ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚುವುದು, ಕಾಲುವೆಗೆ ಇಳಿಯುವುದು. ಸೇತುವೆಗೆ ಜೋಡಿ ಹೆಸರಿನ ಬೀಗ ಹಾಕುವುದೂ ನಿಷಿದ್ಧ, ಅವರು ಕತ್ತರಿಸಿ ಎಸೆಯುತ್ತಾರೆ.

4. ಚರ್ಚುಗಳಿಗೆ ಭುಜ, ಮೊಣಕಾಲು ಮುಚ್ಚುವ ಬಟ್ಟೆ ಬೇಕು. ಬ್ಯಾಗಿನಲ್ಲಿ ಒಂದು ದುಪ್ಪಟ್ಟಾ ಇದ್ದರೆ ಸಾಕು.

ಸಾಮಾನ್ಯವಾಗಿ ಆಗುವ ತಪ್ಪುಗಳು

ದೊಡ್ಡ ಸೂಟ್‌ಕೇಸ್ ತರುವುದು ಮೊದಲ ತಪ್ಪು. ಪ್ರತಿ ಸೇತುವೆಗೂ ಮೆಟ್ಟಿಲು, ಹೊರುವವರು ನೀವೇ. ಒಂದೇ ದಿನದಲ್ಲಿ ಮುರಾನೊ, ಬುರಾನೊ ದ್ವೀಪಗಳು, ಊರು ಎಲ್ಲ ಮುಗಿಸುತ್ತೇನೆಂದು ಹೊರಡುವುದು ಎರಡನೆಯದು. ಅರ್ಧ ದಿನ ದೋಣಿಗಾಗಿ ಕಾಯುವುದರಲ್ಲೇ ಹೋಗುತ್ತದೆ. ಫೆಬ್ರವರಿಯ ಕಾರ್ನಿವಲ್ ವಾರ ಮತ್ತು ಜುಲೈ ಮೂರನೇ ವಾರಾಂತ್ಯದ ರೆದೆಂತೊರೆ ಹಬ್ಬದಲ್ಲಿ ಏಕಾಂತ ಹುಡುಕುವುದು ಇನ್ನೊಂದು. ಏಕಾಂತವೇ ಬೇಕಿದ್ದರೆ ನವೆಂಬರ್ ಅಥವಾ ಜನವರಿಯ ಮಂಜಿನ ದಿನಗಳು ವಾಸಿ, ದಪ್ಪ ಸ್ವೆಟರ್ ಇರಲಿ.

ಎಲ್ಲಕ್ಕಿಂತ ದೊಡ್ಡ ತಪ್ಪು ರಾತ್ರಿ ಊರಿನಲ್ಲಿ ಉಳಿಯದಿರುವುದು. ಅಗ್ಗವೆಂದು ಮೆಸ್ತ್ರೆಯಲ್ಲಿ ಕೋಣೆ ಹಿಡಿದರೆ ಮುಂಜಾನೆಯ ಕಸ್ತೆಲ್ಲೊವೂ ಕೈತಪ್ಪುತ್ತದೆ, ರಾತ್ರಿಯ ಸಾನ್ ಮಾರ್ಕೊವೂ ಕೈತಪ್ಪುತ್ತದೆ. ಗೊಂಡೊಲಾ ಸವಾರಿ ಅಥವಾ ದ್ವೀಪದಲ್ಲಿ ಒಂದು ರಾತ್ರಿ, ಎರಡರಲ್ಲಿ ಒಂದಕ್ಕೆ ಮಾತ್ರ ದುಡ್ಡಿದ್ದರೆ ರಾತ್ರಿಗೇ ಕೊಡಿ. ಬುಕಿಂಗ್ ಮಾಡುವಾಗ ವಿಳಾಸ ಸರಿಯಾಗಿ ಓದಿ. ‘ವೆನೆಜಿಯಾ ಮೆಸ್ತ್ರೆ’ ಎಂದಿದ್ದರೆ ಅದು ದ್ವೀಪವಲ್ಲ, ರೈಲಿನಲ್ಲಿ ಹತ್ತು ನಿಮಿಷ ಆಚೆಗಿರುವ ದಡದ ಪಟ್ಟಣ.